ಸೊನ್ನೆಯ ಅಚ್ಚು

ನೆಬ್ರಾಸ್ಕಾದ ಈ ಊರಿಗೆ ಹೊಸಬರು ಬಂದರೆ
ಮೊದಲು ಕೇಳುವುದು ಮಾಂಸದ ಕಾರ್ಖಾನೆ,
ಆಮೇಲೆ ಲೈಬ್ರರಿ.
ಎರಡಕ್ಕೂ ದಾರಿ ಒಂದೇ: ರೈಲು ಹಳಿ ದಾಟಿ ಎಡಕ್ಕೆ.

ತಿಂಗಳ ಸುದ್ದಿಹಾಳೆ ಬರೆಯುವವಳು ನಾನು.
ಹಳದಿ ಕಾಗದ, ಎರಡೂ ಮಗ್ಗುಲು, ಇನ್ನೂರು ಪ್ರತಿ.
ಮಾರ್ಚಿನದು ಹೀಗಿತ್ತು:

ಸೋಮವಾರ ಸಂಜೆ ಪೌರತ್ವ ಪರೀಕ್ಷೆಯ ಪಾಠ, ಪೆನ್ಸಿಲು ನಮ್ಮದೇ.
ತೆರಿಗೆ ಫಾರಂ ತುಂಬಿಕೊಡಲು ರೇಮಂಡ್ ಕೂರುತ್ತಾರೆ,
ಅವರಿಗೆ ಕಿವಿ ಮಂದ,
ನಿಮ್ಮ ಸಂಬಳ ಊರಿಗೇ ಕೇಳುವಂತೆ ಹೇಳಬೇಕಾದೀತು.
ಹಿಮ ಕರಗುವ ತನಕ ಪುಸ್ತಕದ ವ್ಯಾನು ದಿಬ್ಬ ಹತ್ತುವುದಿಲ್ಲ.
ಎರವಲಿಗೆ ಹೊಲಿಗೆ ಯಂತ್ರ, ಬಿಪಿ ನೋಡುವ ಪಟ್ಟಿ, ಮೀನಿನ ಗಾಳ,
ಟೊಮೆಟೊ ಬೀಜ, ಅದನ್ನು ಬೆಳೆದ ಮೇಲೆ ಮರಳಿಸಿದರೆ ಸಾಕು,
ಒಂದರಿಂದ ಒಂಬತ್ತರವರೆಗೆ ಕೇಕಿನ ಅಚ್ಚು.
ಕೊನೆಗೆ ದಪ್ಪ ಅಕ್ಷರದಲ್ಲಿ:
ಇನ್ನು ಮೇಲೆ ತಡವಾದರೆ ದಂಡವಿಲ್ಲ.

ಬರೆದವಳಿಗೆ ಗೊತ್ತು,
ಅಚ್ಚು ಒಂಬತ್ತಲ್ಲ, ಹತ್ತು.
ಸೊನ್ನೆ ಅಕ್ಟೋಬರಿನಿಂದ ಹೊರಗಿದೆ.

ಅವತ್ತು ಡೆಲ್ಬರ್ಟ್ ಹ್ರೂಸ್ಕಾ ಟೊಪ್ಪಿ ತೆಗೆದು ನಿಂತಿದ್ದ,
ಏನೋ ತಪ್ಪು ಮಾಡಿದವನ ಹಾಗೆ.
ಅಮ್ಮನಿಗೆ ಶನಿವಾರ ತೊಂಬತ್ತು.
ಬೆಣ್ಣೆ ಚೆನ್ನಾಗಿ ಸವರು ಎಂದೆ,
ಒಂಬತ್ತರ ಕೊರಳು ಕೇಕನ್ನು ಬಿಡುವುದಿಲ್ಲ.
ಇರ್ಮಾ ಗುರುವಾರವೇ ಹೋಗಿಬಿಟ್ಟಳು.
ವಾರ ಕಳೆದು ಚರ್ಚಿನ ನೆಲಮಾಳಿಗೆಯಲ್ಲಿ ಊರೆಲ್ಲ ಕೂತು ಉಂಡೆದ್ದೆವು,
ಸಿಹಿಯೂ ಇತ್ತು, ಕೇಕಿನ ಮಾತು ಮಾತ್ರ
ಯಾರೂ ಎತ್ತಲಿಲ್ಲ.

ಒಂಬತ್ತು ಒಂದು ರಾತ್ರಿ
ಪುಸ್ತಕ ಹಾಕುವ ಗೋಡೆಯ ಬಾಯಿಂದ ಠಣ್ಣೆಂದು ಒಳಬಿತ್ತು.
ಸೊನ್ನೆ ಬರಲಿಲ್ಲ.
ಕಂಪ್ಯೂಟರು ತಿಂಗಳಿಗೊಮ್ಮೆ ಕೆಂಪಗಾಗುತ್ತಿತ್ತು,
ನಾನು ತಿಂಗಳಿಗೊಮ್ಮೆ ಗಡುವು ಮುಂದೂಡುತ್ತಿದ್ದೆ.
ಯಾರಾದರೂ ಲೆಕ್ಕ ಕೇಳಿದರೆ ಹೇಳಲು ಉತ್ತರ ಇಟ್ಟುಕೊಂಡಿದ್ದೆ:
ಹೋಗಿದ್ದು ಸೊನ್ನೆ ತಾನೇ.

ಆಮೇಲೆ ಇಫ್ರಾ ಬಂದಳು.
ಕೌಂಟರಿನ ಅಂಚಿಗೆ ಅವಳ ಗದ್ದ,
ಹಿಂದೆ ಅವಳ ತಾಯಿ, ಕಾರ್ಖಾನೆಯ ಬಿಳಿ ಬೂಟಿನಲ್ಲೇ.
ಹತ್ತು ಬೇಕು, ಎಂದಳು, ನನಗೆ ಹತ್ತು.
ಇದ್ದ ಒಂದನ್ನು ಕೊಟ್ಟೆ.
ಅತ್ತ ಇತ್ತ ತಿರುಗಿಸಿ ನೋಡಿ ಹೇಳಿದಳು:
ಇದು ನನ್ನ ತಮ್ಮನ ವಯಸ್ಸು.

ಫೋನು ಎತ್ತಿದೆ. ಇಟ್ಟೆ.
ಮತ್ತೆ ಎತ್ತಿದೆ.
ದಂಡವಿಲ್ಲ ಎಂದು ಬರೆದ ಕೈ ಬಾಕಿ ಕೇಳುವುದಾದರೂ ಹೇಗೆ?
ಸುದ್ದಿಹಾಳೆಯ ಅಡಿಯಲ್ಲಿ ಬೆರಳಗಲ ಜಾಗ ಉಳಿದಿತ್ತು.
ಇನ್ನೂರು ಹಾಳೆಗೂ ನೀಲಿ ಪೆನ್ನಿನಲ್ಲಿ ಬರೆದೆ:
ಹತ್ತು ತುಂಬುವ ಹುಡುಗಿಗೆ ಒಂದು ಸೊನ್ನೆ ಬೇಕಾಗಿದೆ.
ನೂರು ದಾಟಿದ ಮೇಲೆ ನನ್ನ ಸೊನ್ನೆಗಳು
ಮೊಟ್ಟೆಯಂತೆ ಉದ್ದುದ್ದವಾದವು.

ಶುಕ್ರವಾರ ಬೀಗ ತೆಗೆಯುವಾಗಲೇ
ಅವನ ಪಿಕಪ್ ನಿಂತಿತ್ತು, ಎಂಜಿನ್ ಓಡುತ್ತಿತ್ತು.
ಎಷ್ಟು ಹೊತ್ತಿನಿಂದಲೋ.

ಅಚ್ಚು ಖಾಲಿಯಿರಲಿಲ್ಲ.
ಕಾಲು ಮುರಿದ ಕನ್ನಡಕ, ಕಿವಿಯ ಯಂತ್ರದ ಸಣ್ಣ ಬ್ಯಾಟರಿಗಳು,
ಔಷಧಿಯಂಗಡಿಯ ಚೀಟಿ, ಎರಡು ಕೋಟಿನ ಗುಂಡಿ,
ಯಾವ ಬಾಗಿಲಿನದೋ ಕೀಲಿ,
ಸೊನ್ನೆಯ ಸುತ್ತ ಸಾಲಾಗಿ,
ನಡುವಿನ ಗುಬುಟಿಗೆ ಅವಳ ಕೈಗಡಿಯಾರ, ಇನ್ನೂ ಓಡುತ್ತಿದ್ದದ್ದು.

ಇಡಲು ಬೇರೆ ಜಾಗ ತೋಚಲಿಲ್ಲ, ಎಂದ.
ತೊಳೆದಿಲ್ಲ, ಎಂದ.
ನಾನು ತೊಳೆಯುತ್ತೇನೆ, ಎಂದೆ.

ಒಂದೊಂದಾಗಿ ತೆಗೆದು ಟೊಪ್ಪಿಯೊಳಗೆ ಇಟ್ಟ.
ಅವಸರವಿರಲಿಲ್ಲ ನಮಗೆ,
ಬೆಳಗಿನ ಪೇಪರ್ ಓದುವವರು ಹೊರಗೇ ಕಾದರು.

ಆ ಹುಡುಗಿಯ ಹತ್ತಿರ ಒಂದು ಇದೆ ತಾನೇ? ಕೇಳಿದ.
ಇದೆ.
ಹಾಗಾದರೆ ಸರಿ, ಎಂದು
ತುಂಬಿದ ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದು
ಬರಿದಲೆಯಲ್ಲಿ ಹಿಮಕ್ಕೆ ನಡೆದ.