ನೀರಿನ ಮೇಲೆ ಹನ್ನೊಂದು ಹೆಜ್ಜೆ

ನಾಲ್ಕೂವರೆಗೆ ಎವ್ದೋಕಿಮ್ ಮೋಟಾರು ಆರಿಸಿದ.
ಇಲ್ಲಿಂದಾಚೆ ಬರೀ ಹುಟ್ಟು, ಹುಟ್ಟಿಗಂಟಿದ ಪಾಚಿ,
ದೋಣಿಯ ಹೊಟ್ಟೆ ಸವರುವ ಜೊಂಡಿನ ಸದ್ದು.
ಡ್ಯಾನ್ಯೂಬ್ ಇಲ್ಲಿಗೆ ಬರುವಷ್ಟರಲ್ಲಿ
ತಾನು ನದಿಯೆಂಬುದನ್ನೇ ಮರೆತಿರುತ್ತದೆ,
ಎಲ್ಲಿ ಬೇಕಲ್ಲಿ ನಿಂತು, ಎಲ್ಲಿ ಬೇಕಲ್ಲಿ ಕವಲೊಡೆದು,
ಕಡಲು ಹತ್ತಿರ ಬಂದದ್ದು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ.

ಎವ್ದೋಕಿಮನ ಗಡ್ಡ ಹೊಟ್ಟೆಯವರೆಗೆ.
ಗಡ್ಡ ಬೋಳಿಸೆಂದ ದೊರೆಗೆ ಬೆನ್ನು ತಿರುಗಿಸಿ
ಈ ಜೌಗಿಗೆ ಬಂದ ಜನ ನಾವು, ಅನ್ನುತ್ತಾನೆ.
ಮಾತಿಗೆ ಮೊದಲು ನೀರಿಗೆ ಉಗುಳುತ್ತಾನೆ,
ಮಾತಾದ ಮೇಲೂ.

"ರೆಕ್ಕೆ ನೋಡಬೇಡ ಇಲಿಂಕಾ, ರೆಕ್ಕೆ ಸುಳ್ಳು ಹೇಳುತ್ತದೆ.
ಮೈ ಒಣಗಿಸಲೂ ಬಿಚ್ಚುತ್ತದೆ, ಮೈಗಳ್ಳತನಕ್ಕೂ ಬಿಚ್ಚುತ್ತದೆ.
ಗಾಳಿ ಯಾವ ಕಡೆಯಿಂದ, ಕೊಕ್ಕು ಯಾವ ಕಡೆಗೆ, ಅದನ್ನು ನೋಡು.
ಆಮೇಲೆ ಬಾಲದ ಕೆಳಗೆ ನೋಡು.
ಹಿಕ್ಕೆ ಹಾಕಿತೋ, ಹೊರಟಿತು ಅಂತ ತಿಳಿ.
ಹೊರೆ ಇಳಿಸದೆ ಯಾರೂ ಹಾರುವುದಿಲ್ಲ."
ಗಾದೆಯ ಹಾಗೆ ಹೇಳಿ, ತಾನೇ ನಕ್ಕು,
ತೋಳಿಗೆ ಮೂಗು ಒರೆಸಿಕೊಂಡ.

ಕ್ಯಾಮೆರಾದ ಬಾಗಿಲನ್ನು
ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿಗೆ ಹೊಂದಿಸಿ ಕೂತೆ.
ಅಷ್ಟು ಕಿರಿದಾದ ಬಾಗಿಲಲ್ಲಿ
ಹತ್ತು ಕಿಲೋ ತೂಗುವ ಹಕ್ಕಿ ಹಾಯಬೇಕು.

ಹೆಜ್ಜೆಯಿಲ್ಲದೆ ಹೆಜ್ಜಾರ್ಲೆ ಹಾರದು.
ನೀರನ್ನೇ ನೆಲವೆಂದು ನಂಬಿ, ಎರಡೂ ಪಾದ ಜೋಡಿಸಿ,
ಧಪ್ ಧಪ್ ಧಪ್,
ಹಸಿ ಮಡಕೆ ತಟ್ಟುವ ಕುಂಬಾರನ ಹಾಗೆ.
ಮೊದಲ ಹೆಜ್ಜೆ ಅರ್ಧ ಮುಳುಗು, ಎರಡನೆಯದು ಗುದ್ದು,
ಮೂರನೆಯದಕ್ಕೆ ಹೊಟ್ಟೆ ನೀರು ಬಿಡುತ್ತದೆ,
ಕೊನೆಯದು ಬರೀ ಬೆರಳ ತುದಿ.
ನನಗೆ ಬೇಕಿದ್ದುದು ಆ ಕೊನೆಯದು.
ನೀರು ಬಿಟ್ಟಿಲ್ಲ, ಗಾಳಿ ಹಿಡಿದಿಲ್ಲ.

ಆರು ವರ್ಷದಿಂದ ಬರುತ್ತಿದ್ದೇನೆ.
ಸಿಕ್ಕಿದ್ದು ಅರ್ಧ ರೆಕ್ಕೆ, ಬೆನ್ನುಗಳು, ಬರಿ ಆಕಾಶ,
ಒಮ್ಮೆ ಎವ್ದೋಕಿಮನ ಟೋಪಿ, ತುಂಬ ಸ್ಪಷ್ಟವಾಗಿ.

ಹೋದ ವರ್ಷ ಅವನಿಗೆ ಮಂಡಿನೋವು. ಬೇರೆ ದೋಣಿ,
ಫೋನು ನೋಡುತ್ತ ಕೂತ ಬೇರೊಬ್ಬ ಹುಡುಗ.
ಬಿಸಿಲು ಏರುತ್ತಿತ್ತು. ಹಕ್ಕಿಗಳು ಅಲ್ಲಾಡಲಿಲ್ಲ.
ಚಪ್ಪಾಳೆ ತಟ್ಟು ಅಂದೆ.
ನಾನೇ ಅಂದೆ.
ಇನ್ನೂರು ಹಕ್ಕಿ ಒಟ್ಟಿಗೆ ಎದ್ದವು.
ಮೂರು ತಿಂಗಳು ಆ ಚಿತ್ರ ಬುಖಾರೆಸ್ಟಿನ ಗೋಡೆಯ ಮೇಲಿತ್ತು.
ಜನ ಎದುರು ನಿಂತು
"ಎಲ್ಲವೂ ನಿಮ್ಮನ್ನೇ ನೋಡುತ್ತಿವೆಯಲ್ಲ!" ಅಂದರು.
ನಾನು ತಲೆಯಾಡಿಸಿದೆ.

ಇವತ್ತು ಅದರ ಅಚ್ಚು ತಂದಿದ್ದೆ, ಅವನಿಗೆಂದೇ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ.
ಮಂಜು ಕರಗುವ ಹೊತ್ತಿಗೆ ಬಿಚ್ಚಿದ.
ಬಹಳ ಹೊತ್ತು ನೋಡಿದ. ಉಗುಳಲಿಲ್ಲ.
"ಚಪ್ಪಾಳೆ ಯಾರದು?" ಅಂದ.

ಜೊಂಡಿನಲ್ಲಿ ಏನೋ ಪುಳಕ್ಕೆಂದು ಮುಳುಗಿತು.
ತಾನಾಗಿ ಹೊರಟ ಹಕ್ಕಿ ಗಾಳಿಯತ್ತ ನೋಡುತ್ತದೆ,
ಇಲ್ಲವೇ ಮುಂದಿನದರ ಬೆನ್ನಿನತ್ತ.
ನಮ್ಮತ್ತ ನೋಡುವುದು ಒಂದೇ ಕಾರಣಕ್ಕೆ.
ಅವನು ಇದನ್ನು ಹೇಳಲಿಲ್ಲ.
ಇನ್ನೂರು ಕಣ್ಣು, ಒಂದೊಂದರಲ್ಲೂ ಒಂದು ಚುಕ್ಕೆ.
ಬೆಳಕೆಂದುಕೊಂಡು ಆ ಚುಕ್ಕೆಗಳನ್ನು
ರಾತ್ರಿಯೆಲ್ಲ ಕೂತು ತಿದ್ದಿ ಹೊಳಪಿಸಿದ್ದೆ.

ಆಗಲೇ ಎದ್ದಿತು ಒಂದು. ಎಡಕ್ಕೆ, ಇಪ್ಪತ್ತು ಮಾರು ದೂರ.
ಹಿಕ್ಕೆ ಹಾಕಿತ್ತೋ ಏನೋ, ಇಬ್ಬರೂ ಕಾಣಲಿಲ್ಲ.
ಧಪ್ ಧಪ್ ಕೇಳಿ ಕ್ಯಾಮೆರಾ ಎತ್ತುವಷ್ಟರಲ್ಲಿ
ವಿಲೋ ಮರಗಳ ತಲೆ ದಾಟಿತ್ತು.
ಆದರೂ ಒತ್ತಿದೆ, ಬೆರಳಿಗೆ ಬೇಸರವಾಗಬಾರದೆಂದು.

ಪರದೆಯಲ್ಲಿ ಹಕ್ಕಿಯಿಲ್ಲ.
ಕಂದು ನೀರು, ಅದರ ಮೇಲೆ ಉಂಗುರಗಳ ಸಾಲು,
ಹೋಗುತ್ತ ಹೋಗುತ್ತ ದೂರದೂರ, ಸಣ್ಣಸಣ್ಣ.
ಎವ್ದೋಕಿಮ್ ಬೆರಳಿಟ್ಟು ಎಣಿಸಿದ,
ಗಾಜಿಗೆಲ್ಲ ಮೀನಿನ ಜಿಡ್ಡು ಮೆತ್ತುತ್ತ. ಹನ್ನೊಂದು.
"ಗಾಳಿ ಸಾಲದು," ಅಂದ, "ಇದ್ದಿದ್ದರೆ ಎಂಟಕ್ಕೇ ಮುಗಿಯುತ್ತಿತ್ತು."

ಆಮೇಲೆ ಬುತ್ತಿ ಬಿಚ್ಚಿದ. ಬ್ರೆಡ್ಡು, ಉಪ್ಪುಮೀನು.
ಇನ್ನೂರು ಹಕ್ಕಿಗಳನ್ನು ಮಂಡಿಯ ಮೇಲೆ ಹಾಸಿಕೊಂಡು
ಅದರ ಮೇಲೆ ಈರುಳ್ಳಿ ಹೆಚ್ಚಿದ.
ಕೋಪಕ್ಕಲ್ಲ.
ದೋಣಿಯಲ್ಲಿ ಒಣಗಿದ್ದುದು ಅದೊಂದೇ.