ಕೈಯ ಅಳತಿ

ಬಾಗಲಕೋಟಿ ಡಾಕ್ಟರಮ್ಮ ಫೋಟೊ ತೆಗೆಸಿ ನೋಡಿದ ಗೆಣ್ಣು
ನಾ ಗುಳೇದಗುಡ್ಡದಾಗ ಇಪ್ಪತ್ತಾರು ವರ್ಷದಿಂದ
ಕಣ್ಣು ಮುಚ್ಚಿ ಹಿಡದು ನೋಡೀನಿ.
ಹುಸೇನಬಿ ನಾನು, ಬಳಿ ಇಡಸಾಕಿ.
ನನ್ನ ವಹಿಯಾಗ ಹೆಸರಿನ ಮುಂದ ಸಾಲ ಇರತೈತಿ,
ಸಾಲದ ಮುಂದ ಕೈಯ ಅಳತಿ.

ಶಂಕ್ರೆವ್ವ, ಕಣದ ಮಗ್ಗದವರ ಸೊಸಿ.
ಮದುವಿ ಕೈ: ಎರಡು-ನಾಕು.
ಹೆಬ್ಬೆಟ್ಟು ಒಳಗ ಮಡಚಿದರ ಸಾಕು,
ಅಂಗೈ ಮೀನಿನಂಗ ಜಾರತಿತ್ತು.
ಕಂಡಕಿ ಸುತ್ತಿ ಸುತ್ತಿ
ಬೆರಳಿನ ತುದಿಗೂ ರೇಷ್ಮಿ ಹೊಳಪು.

ಎರಡನೇ ವರ್ಷ ಪಂಚಮಿಗೆ ಹೋದೆ.
ಅದೇ ಬಳಿ ಗೆಣ್ಣಿಗೆ ಬಂದು ನಿಂತಿತು.
ಸಾಬಾನ ಹಚ್ಚಿದೆ, ಪ್ಲಾಸ್ಟಿಕ್ ಚೀಲ ಸುತ್ತಿದೆ.
"ಮುಂಜಾನಿ ಬ್ಯಾಡ ಹುಸೇನಬಿ, ಹನ್ನೊಂದರ ಮ್ಯಾಲೆ ಬಾ,
ಅಲ್ಲೀತನಕ ಈ ಕೈ ನನ್ನವಲ್ಲ."
ಅತ್ತಿ ಒಳಗಿಂದ: "ಕೆಲಸಗಳ್ಳಿಗೆ ನೂರಾ ಎಂಟು ನೆವ."
ಎರಡೂ ಕೈ ಒಂದೇ ನಮೂನಿ ಬಾತಿದ್ದವು,
ಎಡಗೈ ಬಲಗೈಗೆ ಕನ್ನಡಿ ಹಿಡದಂಗ.
ನೆವಕ್ಕ ಅಷ್ಟು ಲೆಕ್ಕಾ ಬರೂದಿಲ್ಲ.
ಎರಡು-ಆರು ಅಂತ ಬರಕೊಂಡು ಬಂದೆ.

ಮುಂದ ಬಸುರಾದಳು.
ಬಸುರಿ ಕೈ ದಪ್ಪಾಗತಾವ, ನೀರು ತುಂಬತೈತಿ,
ಎಷ್ಟು ಕುಬಸ ಕಂಡೀನಿ, ನನಗ ಗೊತ್ತಿಲ್ಲೇನು?
ಒಂದಳತಿ ದೊಡ್ಡದೇ ಒಯ್ದಿದ್ದೆ, ಹಸರು ಬಳಿ, ಎರಡು-ಎಂಟು.
ಹಾಕಿದ್ದೇ ತಡ
ಕೈ ಇಳಿಬಿಟ್ಟಳು, ಎಲ್ಲಾ ಜಾರಿ
ಉಡಿಯಾಗಿನ ಉತ್ತತ್ತಿ ಮ್ಯಾಲ ಬಿದ್ದವು.
ಹೆಂಗಸರು ನಕ್ಕರು.
ನಾ ಮನಿಗೆ ಓಡಿ ಎರಡು-ನಾಕು ತಂದೆ.
ಆ ತಿಂಗಳೆಲ್ಲಾ ನಸುಕಿನ್ಯಾಗ ರೊಟ್ಟಿ ಬಡದಳು,
ತುಂಬಿದ ಕೊಡ ಒಂದೇ ಕೈಲೆ ಎತ್ತಿದಳು,
ಒಳಗ ಯಾರೋ ಕುಂತು
ರಾತ್ರಿಯೆಲ್ಲಾ ಆಕಿ ಕೈ ಒತ್ತಿದಂಗ.

ಕೂಸಿಗೆ ನಾಕು ತಿಂಗಳು ತುಂಬೋದರಾಗ
ತೊಟ್ಟಿಲ ಹಗ್ಗಕ್ಕ ಬೆರಳು ಒಲ್ಲೆ ಅಂದವು.
"ಬಾಣಂತನದಾಗ ಥಂಡಿ ನೀರು ಮುಟ್ಟೀ" ಅಂದರು.
ನಾನೂ ಅಂದೆ, ಸುಳ್ಳ್ಯಾಕ ಹೇಳಲಿ.
ಎರಡನೇ ಬಸುರು, ಮತ್ತ ಎರಡು-ನಾಕು.
ಹಡದ ಮ್ಯಾಲೆ ಆರು, ಎಂಟು.
ಮುಟ್ಟು ನಿಂತ ವರ್ಷ ಎರಡು-ಹತ್ತು, ಅದೂ ಎಣ್ಣಿ ಹಚ್ಚಿ.
ಈಗ ಬೆರಳೆಲ್ಲಾ ಒಂದೇ ಕಡೆ ವಾಲ್ಯಾವ,
ಊರು ಬಿಟ್ಟು ಹೊಂಟವರಂಗ.

ವಹಿ ಬಗಲಾಗಿಟ್ಟು ಆಕಿ ಜೋಡಿ ಬಸ್ ಹತ್ತಿದೆ.
ಡಾಕ್ಟರಮ್ಮ ಹಾಳಿ ತಿರುವಿ ತಿರುವಿ ನೋಡಿದಳು.
"ಮೈ ತನ್ನ ಕೀಲು ತಾನೇ ಕಡಿಯೋ ಬ್ಯಾನಿ ಇದು,
ಹೆಂಗಸರಿಗೇ ಹೆಚ್ಚು.
ಬಸುರಿನ್ಯಾಗ ಏರಿ, ಹಡದ ಮ್ಯಾಲೆ ಇಳಿದು,
ಮುಟ್ಟು ನಿಂತಾಗ ಬತ್ತೋ ಹಾರ್ಮೋನಿಗೂ ಇದಕ್ಕೂ
ನಂಟು ಇರಬಹುದು. ಪೂರಾ ಗೊತ್ತಾಗಿಲ್ಲ ಇನ್ನೂ."

ಇರಬಹುದು.
ನನ್ನ ಪೆಟಿಗ್ಯಾಗ ಆ ಅಳತಿ ಬಳಿ ಇಲ್ಲ.
ಹಾರ್ಮೋನು ನಾ ಕಂಡಿಲ್ಲ, ಗಾಜು ಕಂಡೀನಿ,
ಎಲ್ಲಿ ನಿಂತಿತು ಎಲ್ಲಿ ಜಾರಿತು
ತಾರೀಖು ಸಹಿತ ಬರದೀನಿ.
ಖರೆ, ಅದೇ ವಹಿಯಾಗ
ಬಸುರಿನ್ಯಾಗೂ ಬ್ಯಾನಿ ಬಿಡದ ರಾಚವ್ವ ಅದಾಳ,
ಹಡೀಲಾರದ ಕಾಶಮ್ಮನ ಸೊಟ್ಟ ಬೆರಳೂ ಅದಾವ.
ಅವರನ್ನ ಯಾವ ಸಾಲಿನ್ಯಾಗ ಕೂಡಿಸಲಿ?

ವಾರಕ್ಕೊಂದು ಹಳದಿ ಗುಳಿಗಿ, ಸೋಮವಾರ.
ಮಂಗಳವಾರ ಹೊಟ್ಟಿ ತೊಳಸತೈತಿ.
ಬುಧವಾರ ಮತ್ತ ಕಂಡಕಿ ಮುಂದ ಕೂಡತಾಳ,
ಮದಲಿನಷ್ಟಲ್ಲ.

ಮೊನ್ನಿ ಮಗಳು ಭುವನಾನ ಮದುವಿ ಬಳಿ.
ಹೆಬ್ಬೆಟ್ಟು ಮಡಚಿದೆ, ಮೀನಿನಂಗ ಜಾರಿತು ಕೈ.
ಆದರೂ ಬಿಡಲಿಲ್ಲ,
ಒಂದೊಂದೇ ಗೆಣ್ಣು ಒತ್ತಿ ಕೇಳಿದೆ:
"ಮುಂಜಾನಿ ಎದ್ದ ಕೂಡಲೇ ಮುಷ್ಟಿ ಆಗತೈತೇನವ್ವಾ?"
"ಆಗತೈತಿ. ಯಾರಿಗೆ ಗುದ್ದಲಿ, ಹೇಳು?"
ಮುಷ್ಟಿ ಮಾಡಿ ಕುಣಿಸಿದಳು, ಹಸರು ಗಾಜು ಗಲ್ ಅಂದವು.
ಬಾಗಲದಾಗ ಶಂಕ್ರೆವ್ವ
ಸೆರಗಿನೊಳಗ ಕೈ ಮುಚ್ಚಿ ನಿಂತಿದ್ದಳು.
ವಹಿ ತಗದೆ.
ಪೆನ್ನು ಕೈಯಾಗೇ ಇತ್ತು. ಅದನ್ನಿಟ್ಟು
ಪೆನ್ಸಿಲ್ಲಿನ್ಯಾಗ ಬರದೆ:
ಎರಡು-ನಾಕು.