ಕಟ್ಟಡ: ಹೌದು

ಮೂರು ದಿನ ಆತು ಟವರ್ ಸತ್ತು.
ಕುಡತರಿ ಕೆರಿ ತೂಬಿನ ಹತ್ತಿರ ಸೈಕಲ್ ಜಾರಿ
ನನ್ನ ಕಾಲಿಗೆ ಆರು ವಾರದ ಪ್ಲಾಸ್ಟರು.
ನಾಳಿ ನಸುಕಿಗೆ ಯಮನೂರ ಹೋಗಬೇಕು ಪಾವು ಹಂಚಾಕ,
ಊರಿಂದ ಬಂದು ಎಂಟು ದಿನ ಆಗಿಲ್ಲ.
ಅವಗ ಚರ್ಚು ಗೊತ್ತು, ಬಾರು ಗೊತ್ತು,
ತೊಂಬತ್ತಾರು ಮನಿ ಗೊತ್ತಿಲ್ಲ.

ಭಟ್ಟಿ ಗ್ವಾಡಿ ಇನ್ನೂ ಬೆಚ್ಚಗೈತಿ. ಅದಕ್ಕ ಬೆನ್ನು ಕೊಟ್ಟು ಕುಂತೀನಿ,
ತೊಡಿ ಮ್ಯಾಲೆ ಲಿಗೋರಿಯೋನ ಹಳೇ ಲ್ಯಾಪ್‌ಟಾಪು.
ಹಡಗಿನ ಕೆಲಸಕ್ಕ ಹೋಗೋ ಮುಂದ ಕೈಗಿಟ್ಟು ಹೇಳಿದ್ದ:
ಲಿನಕ್ಸ್ ಹಾಕೀನಿ ಪೊದೆರ್,
ಪೂರ್ತಿ ಗೋವಾ ಒಳಗೈತಿ, ನೆಟ್ಟು ಬೇಕಾಗಿಲ್ಲ.
ಪೂರ್ತಿ ಗೋವಾ! ತೂಕಕ್ಕ ಹಾಕಿದ್ರ
ಒಂದು ಸಿನಿಮಾದ ಕಾಲು ಪಾಲೂ ಇಲ್ಲ.
ಯಾರ್ಯಾರೋ ಪುಗಸಟ್ಟೆ ಕುಂತು ಬರದದ್ದಂತ,
ರಾತ್ರಿ ನಿದ್ದಿಗೆಟ್ಟು. ನಮ್ಮ ಹಂಗ.

ಕರಿ ಪರದಿ. ಒಂದು ಗೀಟು ಮಿಣಮಿಣ ಅಂತೈತಿ.
ಎರಡು ಬೆರಳಿಲೆ ಕುಟ್ಟತೀನಿ, ಉಗುರಿನ್ಯಾಗ ಹಿಟ್ಟು.
ಶೆಂವ್ತಿವಾಡೊ ಹುಡುಕು ಅಂದ್ರ
ಶೂನ್ಯ.
ಮತ್ತೊಮ್ಮೆ. ಶೂನ್ಯ.
ಇಲ್ಲಿ ಮಂದಿ ಶ ಅನ್ನೋದಕ್ಕ ಎಕ್ಸ್ ಬರೀತಾರ,
ಹದಿನಾಲ್ಕು ವರ್ಷ ಬೋರ್ಡು ನೋಡೀನಿ, ಆದ್ರೂ ಮರತಿದ್ದೆ.
ಎಕ್ಸ್ ಹೊಡದೆ. ಎದ್ದು ಬಂತು ಓಣಿ,
ಸರಿಯಾದ ಹೆಸರಿಲೆ ಕರದ್ರ ಮಾತ್ರ ಓ ಅನ್ನೋ
ಬಿಂಕದ ಮುದುಕಿ ಹಂಗ.

ಕುರುಸು ಹುಡುಕಿದೆ: ಹನ್ನೊಂದು.
ಬಾವಿ: ನಾಲ್ಕು. ನಾನು ನೀರು ಕುಡದದ್ದು ಒಂಬತ್ತರಾಗ.
ನಾಯಿ: ಶೂನ್ಯ.
ಇದನ್ನ ಯಮನೂರನ ಮೀನಖಂಡಕ್ಕ ತಿಳಿಸಬೇಕು.

ಮನಿ?
ಒಂದೊಂದಾ ಬಿಚ್ಚಿ ನೋಡಿದೆ.
ಆಕಾಶದಿಂದ ತಗದ ಫೋಟೋದ ಮ್ಯಾಲೆ ಯಾರೋ ಗೆರಿ ಎಳದಾರ,
ಹಂಚಿನ ಮಾಡಿಗೆ ನಾಲ್ಕು ಮೂಲಿ.
ಬಾಗಲಾ ಯಾವ ಕಡೆ, ಹೇಳಿಲ್ಲ. ಹೆಸರಿಲ್ಲ.
ಒಳಗ ಇರೋದು ಎರಡಾ ಮಾತು,
ಕಟ್ಟಡ: ಹೌದು.
ಅದರ ಬಾಜೂದು, ಕಟ್ಟಡ: ಹೌದು.
ಕ್ವೆರೋಬಿನಾ ಬಾಯಿ ಮನಿ, ಕಟ್ಟಡ: ಹೌದು.
ಹಂದಿ ಗೂಡಿಗೂ ಹೌದು, ಬಂಗಲೇಕೂ ಹೌದು.
ಸಿಟ್ಟು ಬಂತು ಮೊದಲ. ಆಮ್ಯಾಲೆ ನಗು.
ಇಷ್ಟು ವರ್ಷದಾಗ ಈ ಮನಿಯವರು ನನಗ ಕೇಳಿದ್ದರ ಏನು?
ಪೊದೆರ್?
ಹೌದು.

ಬಾಜೂಕ ಒಂದು ಖಾಲಿ ಕಡತ ತಗದೆ,
ಇಂಗ್ಲಿಷ್ ಅಕ್ಷರದಾಗ ನಮ್ಮ ಕನ್ನಡ ಕುಟಗೋತ ಹ್ವಾದೆ:
ನೀಲಿ ಗೇಟು. ಪೊಯಿ ಐದು. ಹಾರ್ನು ಬ್ಯಾಡ, ಕೂಸು ಮಲಗಿರತೈತಿ.
ಮುರುಕ ಬಾವಿ. ಉಂಡೆ ಎರಡು. ಅಜ್ಜಗ ಕಿವಿ ಇಲ್ಲ,
ಪಾವಟಗಿ ಮ್ಯಾಲೆ ಕಾಲು ಬಡಿ, ಅದುರಿದ್ರ ಬರತಾನ.
ಮಾಸ್ತರ ಮನಿ. ಕಾಂಕಣ, ಶನಿವಾರ ಅಷ್ಟಾ.
ತಿಂಗಳ ರೊಕ್ಕ ಕೇಳಬ್ಯಾಡ, ನಾಚಗೋತಾರ.
ಕೆಂಪು ಪಾಗಾರ. ನಾಯಿ. ನಾಯಿ. ನಾಯಿ.

ಕ್ವೆರೋಬಿನಾ ಬಾಯಿ ಸಾಲಿಗೆ ಬಂದು ಬೆರಳು ನಿಂತ್ವು.
ಮಳಿಗಾಲದ ಮೊದಲನೇ ವಾರ ಹೋದಳು ಆಕಿ.
ಗೇಟಿಗೆ ಆಕಿ ಹೊಲದ ಪಾವಿನ ಚೀಲ
ಇನ್ನೂ ತೂಗತೈತಿ, ತೊಯ್ದು ಪಾಚಿ ಹಿಡದು.
ಬ್ಯಾಡ ಅಂತ ಬರೀಲ್ಯಾ? ಅಳಸಲ್ಯಾ?
ಗೀಟು ಮಿಣಮಿಣ ಅಂತು. ಕಾದು ಕಾದು
ಬರದೆ: ನಿಲ್ಲಬ್ಯಾಡ. ಸಾವಕಾಶ ಹೋಗು.

ಮೂರೂವರಿಗೆ ಯಮನೂರ ಎದ್ದ.
ಕಣ್ಣು ತಿಕ್ಕೋತ ಪರದಿ ನೋಡಿದ.
'ಚಲೋ ಐತಿ ಕಾಕಾ. ಆದ್ರ ಇದನ್ನ
ಸೈಕಲ್ ಮ್ಯಾಲೆ ಎಲ್ಲಿ ಇಡ್ಲಿ?'

ಪ್ರಿಂಟರು ಇಲ್ಲ. ಅವನ ಫೋನಿನ ಗಾಜು ಒಡದೈತಿ.
ಮೈದಾ ಚೀಲ ಹರದು, ಒಳಮೈ ಹೊರಗ ಮಾಡಿ,
ಪೆನ್ನಿಲೆ ಎಲ್ಲಾ ಮತ್ತ ಬರದೆ, ಈ ಸಲ ಕನ್ನಡದಾಗ,
ಬಾಣದ ಗುರುತು ಹಾಕಿ, ನಾಯಿಗೆ ಬಾಲ ತಗದು.
ಮಡಚಿ ಅಂಗಿ ಕಿಸೆದಾಗ ಇಟಗೊಂಡ.
ಬುಟ್ಟಿ ಏರಿಸಿ, ತಾಡಪಾಲ ಹೊಚ್ಚಿ ಹ್ವಾದ ಕತ್ತಲಾಗ.

ಲ್ಯಾಪ್‌ಟಾಪು ತಾನಾ ಆರಿತು.
ಭಟ್ಟಿಗೆ ಕಿವಿ ಹಚ್ಚಿದಂಗ ಊರಿಗೆ ಕಿವಿ ಹಚ್ಚಿ ಕುಂತೆ.
ಪೋಂ. ಪೋಂ.
ಮೊದಲನೇ ಮನಿ, ನೀಲಿ ಗೇಟು.
ಲೇ ಯಮನೂರ.
ಕೂಸು ಎದ್ದು ಅಳಾಕ ಹತ್ತಿತು.